ಎಡಬಲ ಅದಲುಬದಲಾದ ಎಂಟು ನಿಮಿಷ

ಬೆಳಗಿನ ಆರು ಗಂಟೆ. ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗದ ಬೀಗ ತೆಗೆಯುವುದು ಅಲ್ಲಿನ ಸಹಾಯಕಿಯೇ. ಒಳಗೆ ಕಾಲಿಟ್ಟರೆ, ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ಘಾಟಿಗೆ ನಮ್ಮ ಕಣ್ಣಲ್ಲಿ ನೀರು. ಅವರಿಗೆ ಅದರ ಪರಿವೆಯೇ ಇಲ್ಲ. ಮೇಜಿನ ಮೇಲಿನ ದೇಹಕ್ಕೆ ಹೊದಿಸಿದ ಬಟ್ಟೆಯನ್ನು ಎದೆಯಷ್ಟೇ ಕಾಣುವಂತೆ ಸರಿಸುತ್ತಾರೆ, ಕಾಲು ಮುರಿದ ಸ್ಟ್ಯಾಂಡಿಗೆ ಹಗ್ಗ ಬಿಗಿದು ಮೊಬೈಲ್ ಕೂರಿಸುತ್ತಾರೆ. ಪ್ರೊಫೆಸರ್ ಕೈಗವಸು ತೊಟ್ಟು ಬರುವ ಹೊತ್ತಿಗೆ ಎಲ್ಲ ತಯಾರು.

ವಿದ್ಯಾರ್ಥಿಗಳ ಬಾಯಲ್ಲಿ ಇವರು ಕ್ಯಾಮೆರಾ ಅಕ್ಕ. ಹದಿನೇಳು ವರ್ಷದ ಹಿಂದೆ ಸೇರಿದ್ದು ಮೇಜು ತೊಳೆಯಲು, ಓದಿದ್ದು ಹತ್ತನೆಯವರೆಗೆ. ನೂರೈವತ್ತು ಮಂದಿ ಒಂದು ಮೇಜಿಗೆ ಮುಗಿಬಿದ್ದರೆ ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು ತಾನೇ? ಕತ್ತು ಉದ್ದ ಮಾಡಿ ಮಾಡಿ ಸೋತು ನಿಲ್ಲುವ ಹುಡುಗಿಯರನ್ನು ನೋಡಿ ಕರುಳು ಚುರುಕ್ ಎಂದು, ಪಾಠವನ್ನು ವಿಡಿಯೊ ಮಾಡೋಣವೇ ಎಂದು ಪ್ರೊಫೆಸರನ್ನು ಕೇಳಿದ್ದು ಇವರೇ.

ಈಗ ದಿನಕ್ಕೊಂದು ಎಂಟು ನಿಮಿಷದ ವಿಡಿಯೊ. ನಾಳೆಯ ತರಗತಿಯದು ಇಂದೇ ಎಲ್ಲರ ಮೊಬೈಲಿಗೆ ಹೋಗುತ್ತದೆ. ಆದರೆ ಅಕ್ಕನದೊಂದು ಹಟ: ವಿಡಿಯೊ ಪ್ರಶ್ನೆಯಲ್ಲೇ ನಿಲ್ಲಬೇಕು, ಉತ್ತರ ತರಗತಿಯಲ್ಲೇ ಸಿಗಬೇಕು. “ಎಲ್ಲಾ ಅದರಲ್ಲೇ ಹೇಳಿಬಿಟ್ರೆ ಹಾಸಿಗೆ ಬಿಟ್ಟು ಯಾರು ಏಳ್ತಾರೆ?” ಎನ್ನುತ್ತಾರೆ. ಯಾವ ನಿಮಿಷವನ್ನು ಎಷ್ಟು ಮಂದಿ ತಿರುಗಿ ನೋಡಿದರೆಂದು ಕಂಪ್ಯೂಟರ್ ತೋರಿಸುತ್ತದೆ. ಅದು ಚೀಟಿಯಾಗಿ ಪ್ರೊಫೆಸರ ಕೈ ಸೇರುತ್ತದೆ. ಮೊನ್ನೆಯ ಚೀಟಿಯಲ್ಲಿ, ಐದನೇ ನಿಮಿಷ, ಅರವತ್ತಮೂರು ಮಂದಿ. ಆ ನಿಮಿಷದಲ್ಲಿ ತೋರಿಸಿದ್ದ ಒಂದು ನರದ ಮೇಲೆಯೇ ಪ್ರೊಫೆಸರ್ ಅರ್ಧ ಗಂಟೆ ಪಾಠ ಮಾಡಿದರು.

ಇಷ್ಟೆಲ್ಲ ಕಳೆದ ತಿಂಗಳು ಒಂದೇ ಗುಂಡಿಯಿಂದ ಮಣ್ಣುಪಾಲಾಗುವುದರಲ್ಲಿತ್ತು. ಎಡಿಟಿಂಗ್ ಕಲಿಸಿದ್ದು ಅಕ್ಕನ ಮೈದುನ, ಮದುವೆ ವಿಡಿಯೊ ತೆಗೆಯುವವನು. ಚಿತ್ರ ಕಣ್ಣಿಗೆ ಸರಿಬೀಳದಿದ್ದರೆ ಎಡಬಲ ಮಗುಚಿಹಾಕುವ ಗುಂಡಿ ತೋರಿಸಿದ್ದ. ಮದುವೆಮನೆಯಲ್ಲಿ ವರ ಎಡಕ್ಕಿದ್ದನೋ ಬಲಕ್ಕಿದ್ದನೋ ಯಾರು ಕೇಳಬೇಕು! ಅಕ್ಕ ಶ್ವಾಸಕೋಶದ ಪಾಠಕ್ಕೂ ಅದನ್ನೇ ಒತ್ತಿಬಿಟ್ಟರು. ಮರುದಿನ ಎಡ ಶ್ವಾಸಕೋಶದಲ್ಲಿ ಎಷ್ಟು ಭಾಗ ಎಂದು ಕೇಳಿದರೆ ಅರ್ಧಕ್ಕರ್ಧ ತರಗತಿ ಮೂರು ಎಂದಿತು. ಇರುವುದು ಎರಡು, ಮೂರಿರುವುದು ಬಲಕ್ಕೆ.

ಪ್ರಿನ್ಸಿಪಾಲರು ಕೆಂಡಾಮಂಡಲವಾದರು. ನಾಳೆ ಇವರು ಡಾಕ್ಟರಾಗಿ ಎಡ ಬಿಟ್ಟು ಬಲಕ್ಕೆ ಕತ್ತರಿ ಹಾಕಿದರೆ ಗತಿಯೇನು, ವಿಡಿಯೊಗಳೇ ಬೇಡ ಎಂದರು. ಅವರ ಮಾತಲ್ಲಿ ತಪ್ಪೇನಿತ್ತು? ಅಕ್ಕ ಹದಿನೇಳು ವರ್ಷದಲ್ಲಿ ಮೊದಲ ಸಲ ತರಗತಿಯ ವೇದಿಕೆ ಹತ್ತಿದರು.

“ಪಾಠದಲ್ಲಿ ಪ್ರೊಫೆಸರ್ ಸಾರ್ ಸರಿಯಾಗೇ ಹೇಳಿದ್ರು. ಚಿತ್ರ ತಿರುಗಿಸಿದ್ದು ನಾನು. ಅದನ್ನ ಮನಸ್ಸಿಂದ ತೆಗೆದುಹಾಕಿ, ಇವತ್ತು ಹತ್ತತ್ತು ಜನ ಬನ್ನಿ, ಕಣ್ಣಾರೆ ನೋಡಿ.”

ಸಂಜೆಯವರೆಗೂ ತಂಡ ತಂಡವಾಗಿ ಬಂದರು. ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಪ್ರಿನ್ಸಿಪಾಲರು ಒಂದು ತಿಂಗಳ ಗಡುವು ಕೊಟ್ಟರು, ಪರೀಕ್ಷೆಯಲ್ಲಿ ನೋಡೋಣ ಎಂದು. ಅಂದಿನಿಂದ, ಎಡ ಯಾವುದೆಂಬ ಗುರುತಿಗೆ, ದೇಹದ ಎಡ ಮಣಿಕಟ್ಟಿಗೆ ಕೆಂಪು ದಾರ ಕಟ್ಟದೆ ಅಕ್ಕ ಕ್ಯಾಮೆರಾ ಮುಟ್ಟುವುದಿಲ್ಲ. ಆ ತಿಂಗಳಿಡೀ ಮನೆಯಲ್ಲಿ ಅವರಿಗೆ ಊಟ ಸೇರುತ್ತಿರಲಿಲ್ಲ. ಮೇಜು ತೊಳೆಯೋ ಕೆಲಸ ಹೇಗೂ ಇದೆಯಲ್ಲ ಎಂದು ಅತ್ತೆ ಸಮಾಧಾನ ಹೇಳಿದ್ದು ಇನ್ನಷ್ಟು ನೋಯಿಸಿತಂತೆ.

ಇಂದು ಗಡುವು ಮುಗಿದಿದೆ. ವಿಡಿಯೊ ಇಲ್ಲದ ಹೋದ ವರ್ಷ ಇದೇ ಪರೀಕ್ಷೆಯಲ್ಲಿ ನಪಾಸಾದವರು ನಲವತ್ತೊಂದು, ಈ ಸಲ ಹನ್ನೆರಡು. ಅಂಕಪಟ್ಟಿ ಹಿಡಿದು ಪ್ರಿನ್ಸಿಪಾಲರೇ ಬಂದಿದ್ದಾರೆ. ವಿಡಿಯೊ ಮುಂದುವರಿಯಲಿ, ಇನ್ನು ಮೇಲೆ ಪ್ರತಿಯೊಂದರ ಕೊನೆಗೂ ನಿಮ್ಮ ಹೆಸರು ಬರಲಿ ಎನ್ನುತ್ತಾರೆ.

ಅಕ್ಕನ ಕಣ್ಣು ತುಂಬಿಬಂದಿದೆ, ಅದು ಫಾರ್ಮಲಿನ್ನಿಂದಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮೇಜಿನ ಕಡೆ ನೋಡುತ್ತಾರೆ.

“ನಿಲ್ಲಿಸಲ್ಲ ಅಂದ್ರಲ್ಲ, ಅಷ್ಟು ಸಾಕು ಸಾರ್. ಪಾಠಕ್ಕೆ ಅಂತ ಮೈಯನ್ನೇ ಕೊಟ್ಟು ಮಲಗಿರೋ ಇವರ ಹೆಸರೇ ನಾವು ಹಾಕಿಲ್ಲ. ಹಿಂದೆ ನಿಂತು ಚಿತ್ರ ಹಿಡಿಯೋಳ ಹೆಸರು ಯಾಕೆ?”