ಮೂರೇ ಸಲ ತೆರೆಯುವ ಬೀಗ

ಬಹಳ ದಿನ ಮುಚ್ಚಿಯೇ ಇದ್ದ ಕಂಪ್ಯೂಟರಿನ ಡಬ್ಬವನ್ನು ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಕಾದ ಧೂಳು, ಸುಟ್ಟ ವಯರು, ನಡುವೆ ಎಲ್ಲೋ ಒಂದು ಸತ್ತ ಹಲ್ಲಿಯೂ ಇದ್ದೀತು. ಇವತ್ತು ಬೆಳಿಗ್ಗೆ ಆಲೂರಿನ ನನ್ನ ಅಂಗಡಿಯಲ್ಲಿ ಆ ವಾಸನೆಯ ನಡುವೆಯೇ ಕೂತು, ಸುಟ್ಟುಹೋದ ಬೋರ್ಡು ಬದಲಾಯಿಸಿ, ಆಪರೇಟಿಂಗ್ ಸಿಸ್ಟಮ್ಮನ್ನು ಮೊದಲಿನಿಂದ ಹಾಕಿದೆ. ಎಲ್ಲ ಸರಿಹೋಯಿತು ಎಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಒಂದು ಸೂಚನೆ ಮೂಡಿತು. ಸಿಸ್ಟಮ್ಮು ಕೊಂಡಾಗ ಬಂದ ಈ ಕೀಲಿ ಸಂಖ್ಯೆಯನ್ನು ಬಳಸಬಹುದಾದಷ್ಟು ಸಲ ಬಳಸಿಯಾಗಿದೆಯಂತೆ. ಹೊಸದನ್ನು ಕೊಳ್ಳಬೇಕಂತೆ, ಇಲ್ಲವೇ ಕೆಳಗಿರುವ ನಂಬರಿಗೆ ಫೋನು ಮಾಡಬೇಕಂತೆ.

ಪಕ್ಕದ ಜೆರಾಕ್ಸ್ ಅಂಗಡಿಯ ಮಂಜಣ್ಣ ಇಣುಕಿ ನೋಡಿದ. "ಹೊಸದು ತಗೊಂಡ್ಬುಡು ಮಾರಾಯ. ಈ ವಯಸ್ಸಲ್ಲಿ ಯಾರ ಹತ್ರ ಜಗಳಕ್ಕೆ ಹೋಗ್ತೀಯ?"

ನಾನೂ ಆಗಲೇ ಹಾಗೆಂದುಕೊಂಡಿದ್ದೆ. ಕೈ ಗಲ್ಲಾಪೆಟ್ಟಿಗೆಯ ಕಡೆಗೂ ಹೋಗಿತ್ತು. ಆದರೆ 'ಈ ವಯಸ್ಸಲ್ಲಿ' ಎಂದನಲ್ಲ, ಅದು ಚುಚ್ಚಿತು. ಅವನು ನನಗಿಂತ ದೊಡ್ಡವನು, ಬೇಕಾದರೆ ಅವನ ಹೆಂಡತಿಯನ್ನೇ ಕೇಳಿ. ಚುಚ್ಚಿದ ಜಾಗದಿಂದ ಹಳೆಯ ಸಂಗತಿಯೊಂದು ಎದ್ದು ಬಂತು. ಕೈಯನ್ನು ಗಲ್ಲಾಪೆಟ್ಟಿಗೆಯಿಂದ ವಾಪಸು ತೆಗೆದೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅದಕ್ಕಾಗಿ ಯಾರ ಮೇಲೂ ದೂರಿಲ್ಲ, ಶಾಲೆಗೂ ನನ್ನ ಮೇಲೆ ಇದ್ದಂತಿಲ್ಲ. ಹಾಸನದ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿಕೊಂಡೆ. ಸೀಸದ ಮೊಳೆಗಳ ಮೇಲೆ ಅಕ್ಷರ ತಿರುಗುಮುರುಗಾಗಿ ಇರುತ್ತದೆ. ನೆಟ್ಟಗಿದ್ದ ಅಕ್ಷರ ಓದಲು ಬೇಜಾರುಪಟ್ಟ ಹುಡುಗ ಅಲ್ಲಿ ತಿರುಗುಮುರುಗಾದ ಅಕ್ಷರವನ್ನು ಸರಾಗವಾಗಿ ಓದಲು ಕಲಿತ. ಆ ಮೊಳೆಗಳನ್ನು ತೂಕ ಹಾಕಿ ಮಾರುತ್ತಿದ್ದರು. ಕೊಂಡ ಮೇಲೆ ವ್ಯವಹಾರ ಮುಗಿಯಿತು. ಒಂದೇ 'ಶ್ರೀ'ಯನ್ನು ಬೆಳಿಗ್ಗೆ ಲಗ್ನಪತ್ರಿಕೆಗೆ, ಮಧ್ಯಾಹ್ನ ಸೊಸೈಟಿಯ ನೋಟೀಸಿಗೆ, ಸಂಜೆ ಯಾರದೋ ಪುಣ್ಯತಿಥಿಯ ಕಾರ್ಡಿಗೆ ಜೋಡಿಸಿದರೂ ಎರಕ ಹೊಯ್ದವನು ಬಂದು "ಎಷ್ಟು ಸಲ ಆಯಿತು?" ಎಂದು ಕೇಳುತ್ತಿರಲಿಲ್ಲ. ಜೋಡಿಸಿದ ಪುಟ ಕೈಜಾರಿ ನೆಲಕ್ಕೆ ಚೆಲ್ಲಿದರೆ ಬೈಸಿಕೊಂಡು, ಮೊಳೆಗಳನ್ನು ಆಯ್ದು, ಮತ್ತೆ ಜೋಡಿಸಿದರಾಯಿತು. ಕೊಂಡದ್ದು ಕೊಂಡವನದು. ನಾನು ಕಲಿತ ಕಾನೂನು ಅಷ್ಟೇ.

ತೊಂಬತ್ತರ ದಶಕದ ಕೊನೆಯಲ್ಲಿ ಮೊಳೆಗಳ ಕಾಲ ಮುಗಿದು, ಆಲೂರಿನ ತಾಲ್ಲೂಕು ಕಚೇರಿಯ ರಸ್ತೆಯಲ್ಲಿ ಸ್ವಂತ ಡಿ.ಟಿ.ಪಿ. ಅಂಗಡಿ ಹಾಕಿದೆ. ಕನ್ನಡ ಅಕ್ಷರದ ಸಾಫ್ಟ್‌ವೇರನ್ನು ಬೆಂಗಳೂರಿನ ಒಂದು ಕಂಪನಿಯಿಂದ ತರಿಸಿದೆ. ಆ ದುಡ್ಡಿಗೆ ಒಳ್ಳೆಯದೊಂದು ಹಾಲು ಕರೆಯುವ ಹಸು ಬರುತ್ತಿತ್ತು. ನನ್ನ ಹೆಂಡತಿ ಜಯಮ್ಮ ಪೆಟ್ಟಿಗೆ ಬಿಚ್ಚಿದರೆ ಒಳಗೆ ಒಂದು ಸಿ.ಡಿ., ಒಂದು ಫ್ಲಾಪಿ.

"ಇಷ್ಟೇಯಾ? ಹಸ ಆಗಿದ್ರೆ ಸಗಣಿನಾದ್ರೂ ಹಾಕದು ಕಣ್ರೀ!"

ಆ ಫ್ಲಾಪಿಯೇ ಕೀಲಿ. ಸಾಫ್ಟ್‌ವೇರನ್ನು ಒಂದು ಹಾರ್ಡ್ ಡಿಸ್ಕಿಗೆ ಹಾಕಿದಾಗಲೆಲ್ಲ ಫ್ಲಾಪಿಯಲ್ಲಿ ಒಂದು ಲೆಕ್ಕ ಕಡಿಮೆಯಾಗುತ್ತಿತ್ತು. ಇದ್ದದ್ದು ಮೂರು. ಸಾಫ್ಟ್‌ವೇರನ್ನು ಡಿಸ್ಕಿನಿಂದ ಕ್ರಮವಾಗಿ ಬಿಚ್ಚಿ ತೆಗೆದರೆ ಆ ಲೆಕ್ಕ ಫ್ಲಾಪಿಗೆ ವಾಪಸು ಬರುತ್ತಿತ್ತು. ಡಿಸ್ಕೇ ಸತ್ತರೆ ಲೆಕ್ಕವೂ ಅದರ ಹಿಂದೆಯೇ ಹೋಯಿತು. ಮೂರು ಸಾಕು ಎಂದು ತೀರ್ಮಾನ ಮಾಡಿದವರು ವನಗೂರಿನ ಗುಡ್ಡದ ಕಡೆಯಿಂದ ಬರುವ ಮುಂಗಾರಿನ ಗುಡುಗನ್ನು ಕೇಳಿದವರಲ್ಲ. ಆ ದಿಕ್ಕಿನಲ್ಲಿ ಮೋಡ ಕಪ್ಪಾದರೆ ನಾನು ಗಿರಾಕಿಯ ಮಾತು ಅರ್ಧಕ್ಕೇ ಬಿಟ್ಟು ಪ್ಲಗ್ಗು ಕೀಳಲು ಓಡುತ್ತಿದ್ದೆ. ಆದರೂ ಮೊದಲ ಡಿಸ್ಕು ಸಿಡಿಲಿಗೆ ಹೋಯಿತು. ಎರಡನೆಯದು, ಹೋದ ಕರೆಂಟು ಎರಡರಷ್ಟಾಗಿ ವಾಪಸು ಬಂದಾಗ ಹೋಯಿತು. ಮೂರನೆಯದು ಯಾವ ಕಾರಣವನ್ನೂ ಹೇಳದೆ ಒಂದು ಶುಕ್ರವಾರ ಬೆಳಿಗ್ಗೆ ಸುಮ್ಮನಾಗಿಬಿಟ್ಟಿತು. ಹೊಸ ಡಿಸ್ಕು ಹಾಕಿ, ಆಪರೇಟಿಂಗ್ ಸಿಸ್ಟಮ್ಮು ತುಂಬಿ, ಫ್ಲಾಪಿ ತೂರಿಸಿದರೆ, ನಿನ್ನ ಲೆಕ್ಕ ಮುಗಿಯಿತು ಎಂದಿತು.

ಸರಿಯಾಗಿ ಅದೇ ಹೊತ್ತಿಗೆ ಮಗ್ಗೆಯ ಗುರುಸಿದ್ದಪ್ಪನವರು ಮೆಟ್ಟಿಲು ಹತ್ತಿ ಬಂದರು. ಅವರ ಮಗಳ ಮದುವೆಯ ಕಾರ್ಡು ನನ್ನಲ್ಲಿತ್ತು. ಇತ್ತು ಎನ್ನುವುದಕ್ಕಿಂತ, ಸತ್ತ ಡಿಸ್ಕಿನಲ್ಲಿತ್ತು.

"ಏನಯ್ಯಾ, ಎಲ್ಲಿಗ್ಬಂತು ನಮ್ ಕಾರ್ಡು?"

"ಭಾನುವಾರ ಸಂಜೆಗೆ ನಿಮ್ ಕೈಲಿರ್ತೈತೆ, ಯಜಮಾನ್ರೇ."

"ನೋಡು, ಸೋಮವಾರ ಮೊದಲ್ನೇ ಕಾರ್ಡು ಮನೆದೇವ್ರ ಮುಂದೆ ಇಡ್ಬೇಕು. ಅದು ತಪ್ಪಿದ್ರೆ ನಮ್ಮವ್ವ ಒಂದ್ ಮನೆಗೂ ಹಂಚಾಕೆ ಬಿಡಾಕಿಲ್ಲ. ಆಗಾಕಿಲ್ಲ ಅಂದ್ರೆ ಈಗ್ಲೇ ಹೇಳ್ಬುಡು, ಹಾಸನಕ್ಕೆ ಹೋಯ್ತೀನಿ."

"ಆಯ್ತದೆ ಅಂದೆನಲ್ಲ" ಎಂದೆ. ಕತ್ತಲೆ ಪರದೆಯ ಮುಂದೆ ಕೂತು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ನನಗೇ ಅರೆಗಳಿಗೆ ನಂಬಿಕೆ ಬಂತು.

ಮಂಜಣ್ಣನ ಅಂಗಡಿಯಲ್ಲಿ ಆಗ ಎಸ್.ಟಿ.ಡಿ. ಬೂತೂ ಇತ್ತು. ಅಲ್ಲಿಂದ ಕಂಪನಿಗೆ ಫೋನು ಮಾಡಿದೆ. ಅಲ್ಲಿಯ ಮ್ಯಾನೇಜರು ನಯವಾಗಿಯೇ ಮಾತಾಡಿದರು. "ರೂಲ್ಸ್ ಇರೋದೇ ಹಾಗೆ ಸಾರ್, ಮೂರು ಅಂದ್ರೆ ಮೂರು. ಡಿಸ್ಕ್ ಸತ್ತಿದೆ ಅಂತ ನೀವು ಹೇಳ್ತೀರಿ. ಬೇರೆ ಅಂಗಡಿಗಳಿಗೆ ಹಾಕಿಕೊಟ್ಟಿಲ್ಲ ಅನ್ನೋದಕ್ಕೆ ಏನು ಪುರಾವೆ?"

ಫೋನು ಇಟ್ಟ ಮೇಲೂ ಕಿವಿ ಕಾದೇ ಇತ್ತು. ದುಡ್ಡು ಕೊಟ್ಟವನನ್ನು ಕಳ್ಳ ಎನ್ನುವುದಕ್ಕೆ ಅವರಿಗೆ ಅಷ್ಟೊಂದು ನಯ ಯಾಕೆ ಬೇಕಿತ್ತೋ.

"ಹಾಸನದಲ್ಲಿ ಕಳ್ಳ ಸೀಡಿ ಸಿಗ್ತೈತೆ, ತರ್ಸಿ ಕೊಡ್ಲಾ?" ಎಂದ ಮಂಜಣ್ಣ. "ಎಲ್ಲಾರೂ ಅದ್ರಲ್ಲೇ ನಡೆಸ್ತಾವ್ರೆ ಕಣೋ. ನಿಂದೊಬ್ಬಂದೇ ಹರಿಶ್ಚಂದ್ರನ ಅಂಗಡಿ."

"ನಾನ್ ಕ್ರಯ ಕೊಟ್ಟು ತಗೊಂಡ ಮನೆಗೆ ನಾನೇ ಕಾಂಪೌಂಡ್ ಹಾರಿ ಹೋಗ್ಲಾ?"

ಇದನ್ನು ಪ್ರಾಮಾಣಿಕತೆ ಎಂದುಕೊಳ್ಳಬೇಡಿ. ಕದ್ದದ್ದನ್ನು ಹಾಕಿಕೊಂಡರೆ ಆ ಮ್ಯಾನೇಜರ ಮಾತು ನಿಜವಾಗಿಬಿಡುತ್ತಿತ್ತು. ಅದೊಂದನ್ನು ನಾನು ಆಗಗೊಡುವವನಿರಲಿಲ್ಲ.

ಪುರಾವೆ ಎಂದ ಕೂಡಲೇ ನನಗೆ ನಮ್ಮಣ್ಣನ ನೆನಪಾಯಿತು. ಇನ್ಶೂರೆನ್ಸ್ ಮಾಡಿಸಿದ ಹಸುವಿಗೆ ಕಿವಿಯಲ್ಲಿ ಒಂದು ಬಿಲ್ಲೆ ಚುಚ್ಚಿರುತ್ತಾರೆ, ನೀವು ನೋಡಿರಬಹುದು. ಹಸು ಸತ್ತರೆ ಆ ಬಿಲ್ಲೆ ತೋರಿಸಬೇಕು. ನಮ್ಮಣ್ಣನ ಹಸು ಸತ್ತಾಗ, ಬರೀ ಬಿಲ್ಲೆ ಒಯ್ದರೆ ಬದುಕಿರುವ ಹಸುವಿನಿಂದ ಬಿಚ್ಚಿದ್ದು ಎಂದಾರು ಎಂಬ ಅನುಮಾನ ಅವನಿಗೆ. ಬಿಲ್ಲೆಯ ಸಮೇತ ಕಿವಿಯನ್ನೇ ಕೊಯ್ದು, ಬಾಳೆಲೆಯಲ್ಲಿ ಸುತ್ತಿ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನ ಪಕ್ಕ ಯಾರೂ ಕೂರಲಿಲ್ಲವಂತೆ. ಆಫೀಸಿನವರು ಮೂಗು ಮುಚ್ಚಿಕೊಂಡೇ ಸಹಿ ಹಾಕಿ, ಬೇಗ ಹೊರಡಪ್ಪ ಎಂದರಂತೆ.

ಶನಿವಾರ ನಸುಕಿಗೇ ನಾನು ಬೆಂಗಳೂರಿನ ಬಸ್ಸು ಹತ್ತಿದೆ. ತೊಡೆಯ ಮೇಲಿನ ಚೀಲದಲ್ಲಿ, ಜಯಮ್ಮನ ಹಳೆಯ ಟವೆಲಿನಲ್ಲಿ ಸುತ್ತಿದ ಮೂರು ಸತ್ತ ಡಿಸ್ಕುಗಳು, ಜೊತೆಗೆ ಕೀಲಿ ಫ್ಲಾಪಿ.

ಮ್ಯಾನೇಜರ ಮೇಜಿನ ಮೇಲೆ ಟವೆಲು ಬಿಚ್ಚಿದೆ.

"ಏನ್ರೀ ಇದು?"

"ಪುರಾವೆ ಸ್ವಾಮಿ. ನೀವೇ ಕೇಳಿದ್ರಲ್ಲ. ನಮ್ ಕಡೆ ಹಸ ಸತ್ರೆ ಕಿವಿ ತಂದು ತೋರಿಸ್ತೀವಿ. ಇವು ನಿಮ್ಮ ಮೂರು ಹಸಗಳ ಕಿವಿ. ಹಾಕಿ ನೋಡಿ. ಇದ್ರಲ್ಲಿ ಒಂದು ಉಸಿರಾಡಿದ್ರೂ, ಹೊಸದಾಗಿ ಒಂದ್ ಲೆಕ್ಕ ಕೊಡಿ ಅಂತ ನಾನು ಬಾಯಿ ಬಿಡಾಕಿಲ್ಲ."

ಅವರಿಗೂ ಮೋಜೆನಿಸಿರಬೇಕು. ಒಬ್ಬ ಟೆಕ್ನಿಷಿಯನ್ನನ್ನು ಕರೆದರು. ನನಗೊಂದು ಲೋಟ ಕಾಫಿಯೂ ಬಂತು. ಸಕಲೇಶಪುರದ ಕಾಫಿ ತೋಟಗಳ ಸೀಮೆಯವನಿಗೆ ಬೆಂಗಳೂರಿನವರು ಕೊಟ್ಟ ಆ ಕಾಫಿಯ ಬಗ್ಗೆ ಬೇರೆಯೇ ಬರೆಯಬೇಕು, ಇರಲಿ. ಮೊದಲ ಡಿಸ್ಕು ಸಿಕ್ಕಿಸಿದರು, ಸದ್ದಿಲ್ಲ. ಎರಡನೆಯದು ಹಲ್ಲಿಯ ಹಾಗೆ ಲೊಚ್ ಲೊಚ್ ಎಂದು ನಿಂತಿತು. ನಾನು ಮೀಸೆಯ ಮೇಲೆ ಕೈಯಾಡಿಸುತ್ತಿರುವಾಗ ಮೂರನೆಯದು ಗುಂಯ್ ಎಂದು ತಿರುಗತೊಡಗಿತು.

"ಯಜಮಾನ್ರೇ, ಸತ್ತೋನು ಎದ್ದು ಕೂತನಲ್ಲ!" ಎಂದು ಮ್ಯಾನೇಜರು ಕುರ್ಚಿಗೆ ಒರಗಿದರು. ಸುತ್ತ ಇದ್ದವರೆಲ್ಲ ನಕ್ಕರು.

ನನ್ನ ಅಂಗಡಿಯಲ್ಲಿ ಆ ಡಿಸ್ಕಿಗೆ ಕರೆಂಟು ಕೊಡುವ ವಯರಿನ ತುದಿ ಸುಟ್ಟಿತ್ತು, ಹೊಸ ಡಿಸ್ಕಿಗೆ ನಾನು ಬೇರೆ ವಯರು ಸಿಕ್ಕಿಸಿದ್ದೆ ಎನ್ನುವುದು ಊರಿಗೆ ಬಂದ ಮೇಲೆ ತಿಳಿದದ್ದು. ಆ ಹೊತ್ತಿಗೆ ನಾನು ಬದುಕಿದ್ದವನಿಗೆ ತಿಥಿ ಮಾಡಿದ ಪೆದ್ದ, ಅಥವಾ ಅವರ ಕಣ್ಣಿನಲ್ಲಿ, ಸಿಕ್ಕಿಬಿದ್ದ ಕಳ್ಳ. ಮಾತು ಕೊಟ್ಟಾಗಿತ್ತು. ಎದ್ದೆ. ಎರಡು ಡಿಸ್ಕುಗಳನ್ನು ಟವೆಲಿಗೆ ಹಾಕಿ ಮೂರನೆಯದಕ್ಕೆ ಕೈ ಚಾಚಿದೆ. ಅದು ಇನ್ನೂ ತಿರುಗುತ್ತಲೇ ಇತ್ತು, ಬೆರಳಿಗೆ ಬೆಚ್ಚಗೆ ತಾಕಿತು. ಚಾಚಿದ ಕೈ ಅಲ್ಲೇ ನಿಂತಿತು.

"ಇದು ಬದುಕೈತೆ ಅಂದ್ರಿ, ಅಲ್ವಾ?"

"ನೀವೇ ನೋಡಿದ್ರಲ್ಲ."

"ಒಳಗೆ ನಿಮ್ಮ ಸಾಫ್ಟ್‌ವೇರೂ ಬದುಕೈತಾ, ನೋಡ್ಸಿ."

ಟೆಕ್ನಿಷಿಯನ್ನು ಪರದೆ ನೋಡಿ "ಇದೆ" ಎಂದ.

"ಹಂಗಾದ್ರೆ ಅದನ್ನ ಬಿಚ್ಚಿ, ಆ ಲೆಕ್ಕನ ನನ್ ಫ್ಲಾಪಿಗೆ ವಾಪಸ್ ಹಾಕ್ಕೊಡಿ. ಹೊಸದು ಕೇಳಾಕಿಲ್ಲ ಅಂದಿದ್ದೆ, ಕೇಳ್ತಿಲ್ಲ. ನಂದೇ ನಂಗೆ ಕೊಡಿ."

ನಗು ನಿಂತಿತು. ಮ್ಯಾನೇಜರು ಟೆಕ್ನಿಷಿಯನ್ನಿನ ಮುಖ ನೋಡಿದರು, ಅವನು ಸೂರು ನೋಡಿದ. ಬಿಚ್ಚಿದರೆ ವಾಪಸು ಬರುತ್ತದೆ ಎಂದು ಅವರ ಪುಸ್ತಕದಲ್ಲೇ ಇತ್ತು, ರೂಲ್ಸು ಅವರದೇ. ಕೊನೆಗೆ "ಹಾಕ್ಕೊಡಪ್ಪ" ಎಂದರು. ನಾನು ಬಾಗಿಲ ಹತ್ತಿರ ಹೋದ ಮೇಲೆ, "ಇನ್ನೊಂದ್ಸಲ ಮುಗಿದ್ರೆ ಹೀಗೆ ಬರಬೇಡಿ" ಎಂದು ಕೂಗಿದರು.

"ಬರ್ತೀನಿ ಸ್ವಾಮಿ. ಆಲೂರಿಂದ ಬಸ್ಸೈತೆ."

ಅದೇ ಡಿಸ್ಕಿನಿಂದ ಕಾರ್ಡಿನ ಫೈಲೂ ಸಿಕ್ಕಿತು. ಭಾನುವಾರ ಸಂಜೆ ಗುರುಸಿದ್ದಪ್ಪನವರು ಬಂದು, ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ತಮ್ಮ ಅವ್ವನ ಹೆಸರನ್ನು ಹುಡುಕಿದರು, ಮೂಲೆಗಳಲ್ಲಿ ಅರಿಶಿನ ಹಚ್ಚಲು ಜಾಗ ಬಿಟ್ಟಿದೆಯೇ ನೋಡಿದರು. "ಆಗಾಕಿಲ್ವೇನೋ ಅಂತಿದ್ದೆ" ಎಂದರು. "ಯಾಕಾಗಾಕಿಲ್ಲ?" ಎಂದು ನಾನು ಮುಖ ಗಂಟಿಕ್ಕಿಕೊಂಡೆ. ಬೆಂಗಳೂರಿನ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ತಿಥಿಯ ಭಾಗವನ್ನೂ ಹೇಳಬೇಕಾಗುತ್ತಿತ್ತು.

ಈಗ ಅಂಥ ಮೇಜೂ ಇಲ್ಲ, ಒರಗಿಕೊಂಡು ನಗುವ ಮ್ಯಾನೇಜರೂ ಇಲ್ಲ. ಇರುವುದು ಒಂದು ನಂಬರು. ಜಗಳಕ್ಕೆ ಮುಖವೇ ಸಿಗದಂತೆ ಮಾಡಿದರೆ ಜನ ಸುಮ್ಮನೆ ದುಡ್ಡು ಕಟ್ಟುತ್ತಾರೆ ಎಂದು ಯಾರೋ ಲೆಕ್ಕ ಹಾಕಿರಬೇಕು. ಬೆಳಿಗ್ಗೆ ನಾನೂ ಕಟ್ಟಲಿದ್ದೆ. ಸುಟ್ಟದ್ದು ಬೋರ್ಡು, ಅಂಗಡಿ ಅದೇ, ಮೇಜು ಅದೇ, ಕೊಂಡವನೂ ನಾನೇ. ಮತ್ತೆ ಯಾಕೆ ಕೊಳ್ಳಲಿ?

ಆ ನಂಬರು ಒತ್ತಿದೆ. ಇಂಗ್ಲಿಷಿಗೆ ಒಂದು, ಹಿಂದಿಗೆ ಎರಡು ಎಂದು ರೆಕಾರ್ಡು ಹೇಳಿತು. ಏನನ್ನೂ ಒತ್ತದೆ ಸುಮ್ಮನಿದ್ದೆ. ಸಂಗೀತ ಶುರುವಾಯಿತು. ಸ್ಪೀಕರು ಹಾಕಿ ಫೋನನ್ನು ಮೇಜಿನ ಮೇಲಿಟ್ಟು, ಬಂದವರಿಗೆ ಪಹಣಿ ಅರ್ಜಿ ಬರೆದುಕೊಡುತ್ತ ಕೂತೆ. ಮಂಜಣ್ಣ ಎರಡು ಸಲ ಬಂದು ಸಂಗೀತ ಕೇಳಿ ತಲೆ ಚಚ್ಚಿಕೊಂಡು ಹೋದ. ಮಧ್ಯಾಹ್ನ ಜಯಮ್ಮ ಬುತ್ತಿ ತಂದು, "ಇಡ್ರೀ ಅದನ್ನ, ಉಣ್ಣೋವಾಗಾದ್ರೂ" ಎಂದಳು.

"ಅವ್ರು ಎತ್ತೋಗಂಟ ನಾನಿಡಾಕಿಲ್ಲ. ಇಲ್ಲೇ ಬಡಿಸು."

ಮೊದಲ ತುತ್ತು ಮುರಿಯುವಾಗ ಸಂಗೀತ ನಿಂತಿತು. ಒಂದು ಹೆಣ್ಣು ಧ್ವನಿ ಇಂಗ್ಲಿಷಿನಲ್ಲಿ ಏನೋ ಕೇಳಿತು.

"ಕನ್ನಡ ಬತ್ತದಾ ತಾಯಿ?"

"ಬರುತ್ತೆ ಸಾರ್, ಹೇಳಿ."

"ಕೈಲಿ ಬೇರೆ ಕೆಲ್ಸ ಇಲ್ವಲ್ಲ?" ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. "ಆರಾಮಾಗಿ ಕೂತ್ಕೊಳಮ್ಮ, ಹೇಳ್ತೀನಿ."