ಹೆಡ್‌ಮಾಸ್ಟರ್ ಬೇಡವೆಂದ ಪಾಠ

ಸರ್ವಮಂಗಳ ಚಿಕ್ಕಲಸಂದ್ರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ೨೦೦೭ರಲ್ಲಿ ಶಾಲೆಗಳಿಗೆ ಲೈಂಗಿಕ ಶಿಕ್ಷಣ ಬೇಕೋ ಬೇಡವೋ ಎಂಬ ಜಗಳ ಜೋರಾದಾಗ ಹೆಡ್‌ಮಾಸ್ಟರ್ ನಂದಕುಮಾರ್ ಆ ಪಾಠವನ್ನೇ ನಿಲ್ಲಿಸಿ, ಬ್ರಹ್ಮಚರ್ಯದ ಮೇಲೆ ಭಾಷಣ ಮಾಡಿಸಿದರು.

ಅದೇ ವರ್ಷ ಒಂಬತ್ತನೇ ತರಗತಿಯ ಶಿವಲೀಲಾ ಶಾಲೆಗೆ ಬರುವುದು ನಿಂತುಹೋಯಿತು. ಗಾರೆ ಕೆಲಸ ಮಾಡುವ ಅವಳ ತಾಯಿ ಶರಣಮ್ಮ ಹೆಡ್‌ಮಾಸ್ಟರ ಕೋಣೆಗೆ ಬಂದು ಅತ್ತಳು. ಹುಡುಗಿ ಬಸುರಿ, ಅವರಿದ್ದ ಬಾಡಿಗೆ ಮನೆಯ ಮಾಲೀಕನ ತಮ್ಮ ಮಾಡಿದ ಕೆಲಸ.

"ಅಂವ ಏನ್ ಮಾಡಾಕತ್ತಾನ ಅನ್ನೂದ ಆಕಿಗೆ ತಿಳಿದಿಲ್ರಿ. ಹೊಟ್ಟಿ ನೋವು ಅಂತಿದ್ಲು."

ನಂದಕುಮಾರ್, ಆ ತರಗತಿಯ ಕ್ಲಾಸ್ ಟೀಚರಾಗಿ ಅಲ್ಲೇ ನಿಂತಿದ್ದ ಸರ್ವಮಂಗಳ ಅವರತ್ತ ತಿರುಗಿದರು. "ಟೀಸಿ ಕೊಟ್ಬಿಡಿ ಮೇಡಂ. ಅಷ್ಟೆಲ್ಲ ಸಂಯಮ ಹೇಳ್ಕೊಟ್ವಿ, ಏನ್ ಪ್ರಯೋಜನ?"

ಸರ್ವಮಂಗಳ ಅವರ ಮೈ ಉರಿದುಹೋಯಿತು.

"ಸಂಯಮ ಕಲೀಬೇಕಾಗಿದ್ದೋನು ಆ ಗಂಡಸು ಸಾರ್. ಅವನು ಮಾಡ್ತಿರೋದು ಏನು ಅಂತ ಈ ಮಗೂಗೆ ಗೊತ್ತಿದ್ದಿದ್ರೆ ಮೊದಲ್ನೇ ದಿನಾನೇ ಬಂದು ನಂಗೆ ಹೇಳಿರೋಳು. ಟೀಸಿ ನಾನು ಕೊಡಲ್ಲ."

ಶರಣಮ್ಮನನ್ನು ಆಟೋ ಹತ್ತಿಸಿಕೊಂಡು ನೇರ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿಸಿದರು. ಮಾರನೆಯ ದಿನ ಒಂಬತ್ತನೇ ತರಗತಿಯಲ್ಲಿ, ನಿಲ್ಲಿಸಿದ್ದ ಪಾಠವನ್ನು ಹುಡುಗ ಹುಡುಗಿಯರನ್ನು ಒಟ್ಟಿಗೇ ಕೂರಿಸಿ ಪೂರ್ತಿ ಹೇಳಿದರು. ಸಿಟ್ಟಿಗೆ ಅವರ ಕೈಯ ಸೀಮೆಸುಣ್ಣ ಮುರಿಯುತ್ತಲೇ ಇತ್ತು. ಯಾರೂ ನಗಲಿಲ್ಲ.

ಆ ಗಂಡಸು ಜೈಲಿಗೆ ಹೋದ. ಮರುವರ್ಷ ಶಿವಲೀಲಾ ಅದೇ ತರಗತಿಗೆ ವಾಪಸ್ಸು ಬಂದಳು. ಸರ್ವಮಂಗಳ ಅವರಿಗೆ ಮಾತ್ರ ಅಶ್ಲೀಲ ಪಾಠ ಮಾಡಿದರೆಂದು ನೋಟೀಸು ಬಂತು, ಹಿಂದೆಯೇ ವರ್ಗಾವಣೆಯೂ ಆಯಿತು. ಹೊಸ ಶಾಲೆಯಲ್ಲಿ ಅವರು ಮೊದಲು ಮಾಡಿದ್ದು ಆ ಪಾಠವನ್ನೇ.