ನಿಮಿಷಕ್ಕೆ ಹತ್ತೇ

ನಮ್ಮ ಅತ್ತಿಗೆಗೆ ಮಾತು ತಡವರಿಸುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಅವರು "ನೀ... ನೀ..." ಅನ್ನುವಷ್ಟರಲ್ಲಿ ನಾನು ನೀರಿನ ಲೋಟ ತಂದು ಮುಂದಿಟ್ಟಿದ್ದೆ. ಭಾರೀ ಉಪಕಾರ ಮಾಡಿದೆ ಅಂದುಕೊಂಡೆ. ಅವರು ಲೋಟ ಪಕ್ಕಕ್ಕೆ ಸರಿಸಿ, ಮತ್ತೆ ಮೊದಲಿನಿಂದ ಶುರುಮಾಡಿ, "ನೀ... ನೀನು ಊಟ ಮಾಡಿದೆಯಾ?" ಎಂದು ಕೇಳಿಯೇ ಬಿಟ್ಟರು. ಯಾರು ನಡುವೆ ಬಾಯಿ ಹಾಕಿದರೂ ಅಷ್ಟೇ, ಮತ್ತೆ ಮೊದಲ ಅಕ್ಷರದಿಂದ. ಇಂಥ ಹಟಮಾರಿಯನ್ನು ನಾನು ಬೇರೆ ಕಂಡಿಲ್ಲ.

ಅವರ ಕೆಲಸ ನೇಮಕಾತಿ ಪರೀಕ್ಷೆ ನಡೆಸುವ ಕಚೇರಿಯಲ್ಲಿ. ಮೂರನೇ ಮಹಡಿಯ ಕೊನೆಯ ಕೋಣೆ. ಎಸಿ ಇರುವುದು ಯಂತ್ರಗಳಿಗಾಗಿ, ಅತ್ತಿಗೆಗೆ ಬೇಸಿಗೆಯಲ್ಲೂ ಸ್ವೆಟರ್. ಕಚೇರಿಯಿಂದ ಹೊರಗೆ ಹೋಗುವ ಮೇಲ್‌ಗಳೆಲ್ಲ ಅವರ ಸರ್ವರ್ ದಾಟಿಯೇ ಹೋಗಬೇಕು.

ಆ ವರ್ಷ ಕಾಯಂ ನರ್ಸ್ ಹುದ್ದೆಗೆ ಪರೀಕ್ಷೆ. ಏಳು ವರ್ಷ ಹಂಗಾಮಿ ನರ್ಸಾಗಿ ದುಡಿದ ನಾನೂ ಅರ್ಜಿ ಹಾಕಿದ್ದೆ, ಎಂದಿನಂತೆ ಕೊನೆಯ ದಿನ. ವಯಸ್ಸಿನ ಮಿತಿ ಮುಗಿಯುತ್ತಿತ್ತು, ಇದು ತಪ್ಪಿದರೆ ಇನ್ನಿಲ್ಲ. ಭಾನುವಾರ ಪರೀಕ್ಷೆ. ಪ್ರವೇಶ ಪತ್ರ ಬರುವುದು ಮೇಲ್‌ನಲ್ಲಿ ಮಾತ್ರ. ಗುರುವಾರ ಮಧ್ಯಾಹ್ನವಾದರೂ ಬರಲಿಲ್ಲ. ಸೀದಾ ಅತ್ತಿಗೆಯ ಕೋಣೆಗೆ ಓಡಿದೆ.

ಅಲ್ಲಿ ಆಗಲೇ ಎಡವಟ್ಟಾಗಿತ್ತು. ಅತ್ತಿಗೆ ಊಟ ಮುಗಿಸಿ ಬರುವ ಮೊದಲೇ ನಿರ್ದೇಶಕರು ನಲವತ್ತು ಸಾವಿರ ಮೇಲ್‌ಗಳನ್ನು ಒಂದೇ ಏಟಿಗೆ ಕಳಿಸಿಬಿಟ್ಟಿದ್ದರು. ಮುಕ್ಕಾಲು ಪಾಲು ಅಭ್ಯರ್ಥಿಗಳ ಖಾತೆ ಇರುವುದು ಒಂದೇ ದೊಡ್ಡ ಕಂಪನಿಯಲ್ಲಿ. ಇವರ್ಯಾರೋ ಕಸದ ಮೇಲ್ ಕಳಿಸುವ ಕಳ್ಳರಿರಬೇಕೆಂದು ಅದು ಬಾಗಿಲು ಹಾಕಿತು. ಮೂವತ್ತು ಸಾವಿರ ವಾಪಸ್. ಸಾಹೇಬರು ಸಿಟ್ಟಿನಲ್ಲಿ ಎರಡು ಸಲ 'ಮತ್ತೆ ಕಳಿಸು' ಒತ್ತಿದ್ದರು. ಒತ್ತಿದಷ್ಟೂ ಬಾಗಿಲು ಬಿಗಿಯಾಯಿತು.

ಅತ್ತಿಗೆ ಎಲ್ಲ ನಿಲ್ಲಿಸಿ, ಬಾಗಿಲು ಸಡಿಲವಾಗಲೆಂದು ಒಂದು ಗಂಟೆ ಏನೂ ಕಳಿಸದೆ ಕೂತರು. ಆಮೇಲೆ ಆ ಕಂಪನಿಗೆ ನಿಮಿಷಕ್ಕೆ ಹತ್ತೇ ಹೋಗುವಂತೆ ಮಿತಿ ಕಟ್ಟಿದರು. ಮೊದಲ ಹತ್ತು ಹೋದವು. ಮುಂದಿನ ಹತ್ತೂ ಹೋದವು. ಹಗಲೂ ರಾತ್ರಿ ಯಂತ್ರ ಓಡಿದರೆ ಶನಿವಾರ ಸಂಜೆಗೆ ಮುಗಿಯುತ್ತದೆ.

"ಅತ್ತಿಗೆ, ನಂದೊಂದು ಮೊದಲು ಕಳಿಸಿಬಿಡಿ," ಅಂದೆ ಮೆಲ್ಲಗೆ.

"ನಿ... ನಿನ್ನ ಮುಂದೆ ಇರೋರಿಗೂ ಭಾ... ಭಾನುವಾರವೇ ಪರೀಕ್ಷೆ."

ಮೈಯೆಲ್ಲ ಉರಿದುಹೋಯಿತು. ಎರಡು ದಿನ ಅವರ ಜತೆ ಮಾತು ಬಿಟ್ಟೆ. ಊಟಕ್ಕೆ ಕೂತಾಗ ಅಣ್ಣ ನಮ್ಮಿಬ್ಬರ ಮುಖ ನೋಡಿ ನೋಡಿ ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋದ.

ಶನಿವಾರ ಮೂರಕ್ಕೆ ತಡೆಯಲಾರದೆ ಮತ್ತೆ ಅಲ್ಲಿಗೆ ಹೋದೆ. ಇನ್ನೂ ಎರಡು ಸಾವಿರ ಬಾಕಿ, ಅದರಲ್ಲಿ ನಂದೂ ಒಂದು. ನಿರ್ದೇಶಕರು ಬುಸುಗುಡುತ್ತಾ ಒಳಬಂದರು.

"ನಾಲ್ಕಕ್ಕೆ ಪತ್ರಕರ್ತರು ಬರ್ತಾರೆ. ನಿಮಿಷಕ್ಕೆ ನೂರು ಮಾಡಿ, ಮುಗಿಸಿ."

"ನೂ... ನೂರು ಮಾ..."

"ಮಾಡ್ತೀರಿ ತಾನೆ? ಸರಿ."

"ನೂ... ನೂರು ಮಾಡಿ..."

"ಮಾಡಿದ್ರೆ ಏನು? ಬೇಗ ಹೇಳಮ್ಮ! ಆಗಲ್ಲ ಅಂದ್ರೆ ಆ ಕುರ್ಚಿಗೆ ಬೇರೆಯವರನ್ನ ತರ್ತೀನಿ."

ಅತ್ತಿಗೆಯ ಕಿವಿ ಕೆಂಪಾಯಿತು. ಕೀಬೋರ್ಡನ್ನು ಮಡಿಲಿಗೆ ಎಳೆದುಕೊಂಡರು. ಒಂದು ಬಟನ್ ಒತ್ತಿದ್ದರೆ ಅವರ ನೌಕರಿ ಉಳಿಯುತ್ತಿತ್ತು, ಸಾಹೇಬರ ಬಾಯಿಯೂ ಮುಚ್ಚುತ್ತಿತ್ತು. ಅವರು ಮತ್ತೆ ಮೊದಲ ಅಕ್ಷರಕ್ಕೆ ಹೋದರು.

"ನೂ..."

ಸಾಹೇಬರು ಬಾಯಿ ತೆರೆದರು. ನನಗೆ ಎಲ್ಲಿತ್ತೋ ಸಿಟ್ಟು. "ಸಾರ್, ಅವರು ಮುಗಿಸಲಿ!" ಎಂದು ಕೂಗಿಬಿಟ್ಟೆ.

ಸಾಹೇಬರು ತೆರೆದ ಬಾಯಿ ಹಾಗೇ ನಿಂತಿತು.

"ನೂ... ನೂರು ಮಾಡಿದ್ರೆ ಬಾ... ಬಾಗಿಲು ಮತ್ತೆ ಮುಚ್ಚುತ್ತೆ, ಸಾರ್. ತೆ... ತೆಗೆಸೋಕೆ ಇನ್ನು ಟೈಮಿಲ್ಲ. ಹ... ಹತ್ತೇ ಹೋಗೋದು. ಕು... ಕುರ್ಚಿ ಬೇಕಾದ್ರೆ ಆರೂವರೆ ಮೇಲೆ ತಗೊಳ್ಳಿ."

ಸಾಹೇಬರು ಬಾಗಿಲು ದಡಾರೆಂದು ಹಾಕಿಕೊಂಡು ಹೋದರು. ಅತ್ತಿಗೆ ಕೀಬೋರ್ಡ್ ಕೆಳಗಿಡಲಿಲ್ಲ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಪರದೆಯ ಮೇಲೆ ಹತ್ತು, ಮತ್ತೆ ಹತ್ತು.

ಆರು ಹತ್ತಕ್ಕೆ ನನ್ನ ಮೊಬೈಲ್ ಸದ್ದು ಮಾಡಿತು. ನನ್ನ ಫೋಟೋ, ನನ್ನ ನಂಬರ್, ನಾಳೆ ಬೆಳಗ್ಗೆ ಹತ್ತು ಗಂಟೆ. ಅತ್ತಿಗೆಗೆ ಏನೋ ಹೇಳಬೇಕೆಂದು ಹೊರಟೆ, ಈಗ ನನ್ನ ಮಾತು ತಡವರಿಸಿತು.

"ಅತ್ತಿಗೆ, ನಾ... ನಾನು..."

ನಾನೇನು ಹೇಳಲಿದ್ದೇನೆಂದು ಅವರಿಗೆ ಗೊತ್ತಿತ್ತು. ಆದರೂ ನಡುವೆ ಬಾಯಿ ಹಾಕಲಿಲ್ಲ. ಪರದೆಯಿಂದ ಕಣ್ಣು ತೆಗೆದು, ನಾನು ಹೇಳಿ ಮುಗಿಸುವ ತನಕ ನನ್ನನ್ನೇ ನೋಡುತ್ತಾ ಕೂತರು.